ಜಪಾನಿನ ಯಾಕುಜಾ ಗ್ಯಾಂಗ್ ಬಿಟ್ಟವರು ಮಾಮೂಲಿ ಜೀವನ ನಡೆಸಬಹುದಾ?

ನಡೆಸಬಹುದು, ಆದರೆ ತುಂಬಾ ಕಷ್ಟ. 2011ರ ಅಕ್ಟೋಬರ್ ಹೊತ್ತಿಗೆ ಜಪಾನಿನ 47 ಪ್ರಾಂತ್ಯಗಳಲ್ಲೂ ಯಾಕುಜಾಗೆ ಲಾಭವಾಗುವ ವ್ಯವಹಾರ ಮಾಡಬಾರದು ಎಂಬ ನಿಯಮ ಬಂತು. ಬ್ಯಾಂಕ್ ಖಾತೆ ಬೇಕಾ, ಬಾಡಿಗೆ ಮನೆ ಬೇಕಾ? ‘ನಾನು ಆ ಗುಂಪಿನವನಲ್ಲ’ ಅಂತ ಬರೆದುಕೊಡಬೇಕು. ಸುಳ್ಳು ಹೇಳಿದರೆ ವಂಚನೆ ಕೇಸು. ಗುಂಪು ಬಿಟ್ಟ ಮೇಲೂ ಸಾಮಾನ್ಯವಾಗಿ ಐದು ವರ್ಷ ಇದೇ ಪಾಡು. ಖಾತೆಯೇ ಇಲ್ಲದಿದ್ದರೆ ಸಂಬಳ ಎಲ್ಲಿಗೆ ಬರಬೇಕು ಹೇಳಿ? ಗುಂಪಿನಲ್ಲಿದ್ದಾಗ ಮಾಡಿದ ತಪ್ಪಿಗೆ ಅಂತ ಕಿರುಬೆರಳಿನ ತುದಿ ಕತ್ತರಿಸಿಕೊಂಡವರಿದ್ದಾರೆ. ಆ ಕೈ ನೋಡಿದರೆ ಕೆಲಸ ಕೊಡುವವರೂ ಹಿಂಜರಿಯುತ್ತಾರೆ.

1960ರ ದಶಕದಲ್ಲಿ 1,80,000ಕ್ಕೂ ಜಾಸ್ತಿ ಇದ್ದ ಯಾಕುಜಾ ಗ್ಯಾಂಗಿನವರು 2024ರ ಕೊನೆಗೆ 20,000ಕ್ಕಿಂತ ಕಡಿಮೆ. ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ 50 ದಾಟಿದವರು. ಬಿಟ್ಟು ಬಂದವರಿಗೆ ಖಾತೆ ತೆರೆಸಲು ಪೊಲೀಸರು ಈಗ ನೆರವಾಗುತ್ತಿದ್ದಾರೆ. ಇದು ಇನ್ನೂ ಜಾಸ್ತಿ ಆಗಲೇಬೇಕು. ದುಡಿಯುವ ದಾರಿ ಮುಚ್ಚಿದರೆ ಅವರು ಮತ್ತೆ ಅಪರಾಧಕ್ಕೇ ಇಳಿಯುತ್ತಾರೆ, ಅಲ್ವಾ?