ಪಿಲಾಟೀಸ್ ಹೇಳಿಕೊಡೋಕೆ ಅನಾಟಮಿ ಎಷ್ಟು ಗೊತ್ತಿರಬೇಕು?

ಹಾಸನದಲ್ಲಿ ಫಿಟ್‌ನೆಸ್ ಕ್ಲಾಸ್ ಶುರು ಮಾಡಬೇಕು ಅಂದುಕೊಂಡಿದ್ದೀರಿ. ಪಿಲಾಟೀಸ್ ಕೋರ್ಸಿನ ಪುಸ್ತಕ ತೆರೆದರೆ ಬರೀ ಸ್ನಾಯುಗಳ ಹೆಸರು. ಬಿ.ಕಾಂ. ಓದಿದ ನಾನು ಇದನ್ನೆಲ್ಲ ಬಾಯಿಪಾಠ ಮಾಡಲೇಬೇಕಾ, ಅಸ್ಥಿಪಂಜರದ ಮಾಡೆಲ್ ಬೇರೆ ಕೊಳ್ಳಬೇಕಾ ಅಂತ ಕೇಳಿದ್ದೀರಿ.

ಪರೀಕ್ಷೆ ಪಾಸಾಗೋಕೆ ಬಾಯಿಪಾಠ ಮಾಡಲೇಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಕ್ಲಾಸ್ ನಡೆಸೋಕೆ ಮಾತ್ರ ಅದು ಸಾಲದು. ನಾನೂ ಕಾಮರ್ಸ್ ಓದಿದವಳೇ. ವಿದ್ಯಾನಗರದಲ್ಲಿ ಒಂದು ಮನೆಯ ಮಹಡಿ ಮೇಲೆ ಹನ್ನೆರಡು ಮ್ಯಾಟ್ ಹಾಸಿಕೊಂಡು ಏಳು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಮೊದಲ ವರ್ಷ ನನಗೆ ಹೆಸರುಗಳೆಲ್ಲ ಬರುತ್ತಿದ್ದವು. ಎದುರಿಗೆ ಮಲಗಿದವರ ಮೈಯಲ್ಲಿ ಏನಾಗುತ್ತಿದೆ ಅನ್ನೋದು ಮಾತ್ರ ಕಾಣುತ್ತಿರಲಿಲ್ಲ.

ಆಗ ಒಬ್ಬ ನಿವೃತ್ತ ಟೀಚರಮ್ಮ ಬರುತ್ತಿದ್ದರು. ಅಂಗಾತ ಮಲಗಿ ಎರಡೂ ಕಾಲನ್ನು ನೇರವಾಗಿ ಮೇಲೆತ್ತಿ, ನಿಧಾನಕ್ಕೆ ನೆಲದ ಕಡೆ ಇಳಿಸೋ ವ್ಯಾಯಾಮ ಮಾಡಿಸಿದೆ. ನಾಲ್ಕನೇ ಸಲಕ್ಕೆ ಅವರು ಮಗ್ಗುಲಾಗಿ ಎದ್ದು ಕೂತರು. ‘ಕಾಲೇನೋ ಎತ್ತುತ್ತೀನಿ ಕಣಮ್ಮ, ಸೊಂಟದೊಳಗೆ ಯಾರೋ ಹಗ್ಗ ಕಟ್ಟಿ ಎಳೆದ ಹಾಗಾಗುತ್ತೆ’ ಅಂದರು. ನಾನು ‘ಹೊಟ್ಟೆಗೆ ಶಕ್ತಿ ಸಾಲದು ಆಂಟಿ, ದಿನಾ ಮಾಡಿ ಸರಿಯಾಗುತ್ತೆ’ ಅಂತ ಇನ್ನೂ ಎರಡು ಸುತ್ತು ಮಾಡಿಸಿದೆ. ಅವರು ಎರಡು ವಾರ ಬರಲಿಲ್ಲ. ಸೊಂಟ ಹಿಡಿದುಕೊಂಡಿತ್ತಂತೆ. ತಪ್ಪು ಪೂರ್ತಿ ನನ್ನದೇ.

ಆಮೇಲೆ ಫಿಸಿಯೋ ಗೆಳತಿಯೊಬ್ಬಳು ಚಿತ್ರ ತೆಗೆದು ತೋರಿಸಿದಳು. ಸೊಂಟದೊಳಗೆ ನಿಜವಾಗಿಯೂ ಹಗ್ಗ ಇದೆ! ಸೋಆಸ್ ಅಂತ ಅದರ ಹೆಸರು. ಬೆನ್ನುಮೂಳೆಯ ಕೆಳಭಾಗದ ಎರಡೂ ಪಕ್ಕದಿಂದ ಹೊರಟು, ತೊಡೆಸಂದಿನ ಮುಂದೆ ಹಾದು, ತೊಡೆಮೂಳೆಯ ಒಳಮಗ್ಗುಲಿಗೆ ಅಂಟಿಕೊಂಡಿರುತ್ತದೆ. ಸ್ನಾಯುವಿಗೆ ಎಳೆಯೋದು ಬಿಟ್ಟರೆ ಬೇರೆ ಕೆಲಸ ಬರದು, ತಳ್ಳೋಕಂತೂ ಆಗೋದೇ ಇಲ್ಲ. ಎಳೆದರೆ ಎರಡು ತುದಿಯನ್ನೂ ಒಂದರ ಕಡೆಗೊಂದು ಎಳೆಯುತ್ತದೆ. ಕಾಲು ನೆಲದ ಹತ್ತಿರ ಬಂದಷ್ಟೂ ಭಾರ ಜಾಸ್ತಿ. ಹೊಟ್ಟೆಯ ಸ್ನಾಯು ಕಟಿಯ ಮೂಳೆಯನ್ನು (ಬೆನ್ನುಮೂಳೆಗೂ ತೊಡೆಗೂ ನಡುವಿನ ಬೋಗುಣಿಯಂಥ ಮೂಳೆ, ಪೆಲ್ವಿಸ್) ಅಲುಗದಂತೆ ಹಿಡಿದಿದ್ದರೆ ಸರಿ. ಹಿಡಿತ ಸಡಿಲಾದರೆ ಹಗ್ಗದ ಮೇಲಿನ ತುದಿಯೇ ಸೋಲುತ್ತದೆ, ಸೊಂಟ ಕಮಾನಾಗಿ ನೆಲ ಬಿಟ್ಟು ಏಳುತ್ತದೆ. ಟೀಚರಮ್ಮ ತಮಗಾದದ್ದನ್ನು ಹೇಳಿದ್ದು ಪುಸ್ತಕದಲ್ಲಿ ಇದ್ದದ್ದೇ. ನನಗೆ ಕಿವಿ ಇರಲಿಲ್ಲ ಅಷ್ಟೆ.

ಈಗ ಅದೇ ವ್ಯಾಯಾಮವನ್ನು ಮಂಡಿ ಮಡಿಸಿ ಮಾಡಿಸುತ್ತೇನೆ. ಮಡಿಸಿದರೆ ಸನ್ನೆಕೋಲು ಗಿಡ್ಡವಾಗುತ್ತದೆ, ಭಾರ ಇಳಿಯುತ್ತದೆ. ಅವರ ಅಂಗೈಯನ್ನೇ ಸೊಂಟದ ಕೆಳಗೆ ಇಡಿಸುತ್ತೇನೆ. ಕಾಲು ಇಳಿಸುತ್ತಾ ಹೋದ ಹಾಗೆ ಅಂಗೈ ಮೇಲಿನ ಒತ್ತು ಎಲ್ಲಿ ಸಡಿಲವಾಯಿತೋ ಅಲ್ಲಿಗೆ ನಿಲ್ಲಿಸಬೇಕು. ಅವತ್ತಿಗೆ ಅವರ ಮಿತಿ ಅಷ್ಟು. ಪಕ್ಕದ ಮ್ಯಾಟಿನ ಹುಡುಗಿ ನೆಲ ಮುಟ್ಟಿಸಿದಳು ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ.

ಹಾಗಾಗಿ ಯಾವ ವ್ಯಾಯಾಮ ಕಲಿತರೂ ಅದರ ಹೆಸರಿಗಿಂತ ಮೊದಲು ನೋಡಬೇಕಾದದ್ದು ಯಾವ ಕೀಲು ಅಲುಗಬೇಕು, ಯಾವುದು ಅಲುಗಬಾರದು, ಭಾರ ಯಾವ ಕಡೆ ಎಳೆಯುತ್ತಿದೆ ಅನ್ನೋದು. ಕೊನೆಯದನ್ನು ತುಂಬಾ ಜನ ಮರೆಯುತ್ತಾರೆ. ಶ್ರವಣಬೆಳಗೊಳದ ಬೆಟ್ಟ ಹತ್ತಿದ್ದೀರಿ ಅಲ್ವಾ? 600ಕ್ಕೂ ಹೆಚ್ಚು ಮೆಟ್ಟಿಲು. ಏದುಸಿರು ಬರೋದು ಹತ್ತುವಾಗ, ಆದರೆ ಮರುದಿನ ತೊಡೆ ಹಿಡಿದುಕೊಳ್ಳೋದು ಮುಖ್ಯವಾಗಿ ಇಳಿದದ್ದಕ್ಕೆ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಗಿಡ್ಡವಾಗುತ್ತಾ ಮೈ ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಉದ್ದವಾಗುತ್ತಾ ಬ್ರೇಕ್ ಹಾಕುತ್ತದೆ. ಹೀಗೆ ಉದ್ದವಾಗುತ್ತಾ ಭಾರ ತಡೆಯೋ ಕೆಲಸಕ್ಕೆ ಎಸೆಂಟ್ರಿಕ್ ಅಂತಾರೆ. ಅಭ್ಯಾಸ ಇಲ್ಲದವರಿಗೆ ಮೈಕೈ ನೋವು ತರೋದು ಇದೇ ಜಾಸ್ತಿ. ಹೊಸಬರಿಗೆ ‘ನಿಧಾನಕ್ಕೆ ಇಳಿಸಿ, ಇನ್ನೂ ನಿಧಾನ’ ಅಂತ ಮೊದಲ ದಿನವೇ ಹೇಳಿದರೆ ಎರಡನೇ ದಿನ ಮ್ಯಾಟ್ ಖಾಲಿ ಇರುತ್ತದೆ.

ಬೆಟ್ಟದ ಮೇಲೆ ಹೋದಾಗ ಗೊಮ್ಮಟ ನಿಂತಿರೋದನ್ನೂ ಸರಿಯಾಗಿ ನೋಡಿ. 58 ಅಡಿಯ ಆ ಮೂರ್ತಿಯ ಎರಡೂ ಪಾದದ ಮೇಲೆ ಭಾರ ಸಮ, ಕಟಿ ಮಟ್ಟಸ, ಭುಜ ಸಡಿಲ. ಹಾಗೇ ಬೇಲೂರಿಗೂ ಹೋಗಿ ಬನ್ನಿ. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯ ಮದನಿಕೆಯರಲ್ಲಿ ಹಲವರು ಒಂದು ಕಾಲಿನ ಮೇಲೆ ಭಾರ ಹಾಕಿ, ಸೊಂಟವನ್ನು ಪಕ್ಕಕ್ಕೆ ಚಾಚಿ ನಿಂತಿದ್ದಾರೆ. ಕಲ್ಲಿಗೆ ಅದು ಚಂದ. ಕಂಕುಳಲ್ಲಿ ಮಗು ಎತ್ತಿಕೊಂಡು, ಅಡುಗೆ ಕಟ್ಟೆ ಮುಂದೆ ನಿಂತು ನಾವೂ ದಿನಗಟ್ಟಲೆ ಹಾಗೇ ನಿಲ್ಲುತ್ತೇವೆ. ಆಗ ಸೊಂಟದ ಪಕ್ಕದ ಗ್ಲೂಟಿಯಸ್ ಮೀಡಿಯಸ್ ರಜೆ ಹಾಕಿಬಿಡುತ್ತದೆ, ನಾವು ಬರೀ ತೊಡೆಯ ಹೊರಮಗ್ಗುಲಿನ ಗಟ್ಟಿ ಪಟ್ಟಿಗೆ ಜೋತುಬಿದ್ದಿರುತ್ತೇವೆ. ಒಂದು ಕಾಲಲ್ಲಿ ನಿಂತಾಗ ಕಟಿ ಇನ್ನೊಂದು ಕಡೆಗೆ ಕುಸಿಯದ ಹಾಗೆ ಹಿಡಿಯಬೇಕಾದದ್ದು ಈ ಸ್ನಾಯುವೇ. ನಡೆಯುವಾಗ ಪ್ರತಿ ಹೆಜ್ಜೆಗೂ ಅದರ ಕೆಲಸ ಇದೆ. ನಿಮ್ಮ ಕ್ಲಾಸಿನವರನ್ನು ಹಿಂದಿನಿಂದ ನಿಂತು ನೋಡಿ, ಒಂದು ಕಾಲು ಎತ್ತಿದ ಕೂಡಲೇ ಯಾರ ಚೂಡಿದಾರದ ಅಂಚು ಆ ಕಡೆಗೆ ವಾಲುತ್ತೆ ಅಂತ ಗೊತ್ತಾಗುತ್ತದೆ.

ಇನ್ನೊಂದು, ‘ಸೊಂಟ ತಿರುಗಿಸಿ’ ಅಂತ ಎಲ್ಲ ಕಡೆ ಹೇಳ್ತಾರಲ್ಲ, ನನಗೆ ಆ ಮಾತೇ ಇಷ್ಟವಿಲ್ಲ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5 ಕಶೇರುಗಳು. ಸೊಂಟದವು ಹಿಂದುಗಡೆ ಒಂದನ್ನೊಂದು ಕಚ್ಚಿಕೊಂಡಿರುವ ರೀತಿಗೆ ಮುಂದೆ ಹಿಂದೆ ಚೆನ್ನಾಗಿ ಬಾಗುತ್ತವೆ, ತಿರುಗೋದು ಒಂದೊಂದಕ್ಕೆ ಒಂದೆರಡು ಡಿಗ್ರಿ ಅಷ್ಟೇ. ತಿರುವು ಬರಬೇಕಾದದ್ದು ಎದೆಯ ಭಾಗದಿಂದ ಮತ್ತು ತೊಡೆಸಂದಿನಿಂದ. ಕುರ್ಚಿ ಮೇಲೆ ಕೂತು, ಎರಡು ಮಂಡಿಯ ನಡುವೆ ಒಂದು ಪುಸ್ತಕ ಹಿಡಿದು, ಕೈಗಳನ್ನು ಎದೆ ಮೇಲೆ ಕಟ್ಟಿ ತಿರುಗಿ ನೋಡಿ. ಒಂದು ಮಂಡಿ ಮುಂದೆ ಜಾರಿತು ಅಂದರೆ ಕಟಿ ಮೋಸ ಮಾಡಿತು ಅಂತ ಅರ್ಥ. ಪುಸ್ತಕ ಅಲುಗದೆ ಎಷ್ಟು ತಿರುಗಿದಿರೋ ಅದೇ ನಿಜವಾದ ಲೆಕ್ಕ. ನನಗೆ ಮೊದಲ ಸಲ ಅವಮಾನವಾಗುವಷ್ಟು ಕಮ್ಮಿ ಬಂತು!

ಕುಕ್ಕರಗಾಲಲ್ಲಿ ಕೂರೋಕೆ ಆಗದವರನ್ನು ನೋಡಿ ‘ಮಂಡಿ ಬಿಗಿ’ ಅಂದುಬಿಡಬೇಡಿ. ಹಿಮ್ಮಡಿ ಕೆಳಗೆ ಒಂದು ಹಲಗೆ ಇಡಿ. ತಕ್ಷಣ ಸಲೀಸಾಗಿ ಕೂತರೆ ಬಿಗಿ ಇರೋದು ಹೆಚ್ಚಾಗಿ ಪಾದದ ಕೀಲಿನಲ್ಲಿ, ಮೀನಖಂಡದಲ್ಲಿ. ಹಳ್ಳಿಯಿಂದ ಬರೋ ಅಜ್ಜಿಯರು ಆರಾಮಾಗಿ ಕೂರುತ್ತಾರೆ, ಬ್ಯಾಂಕಿನಲ್ಲಿ ಕೆಲಸ ಮಾಡೋ ಹುಡುಗರು ಹಿಂದಕ್ಕೆ ಬೀಳುತ್ತಾರೆ.

ಉಸಿರಿನ ವಿಷಯದಲ್ಲಿ ಗೊಂದಲ ಬರುತ್ತದೆ, ಯಾಕಂದ್ರೆ ಅರ್ಧ ಜನ ಯೋಗ ಕ್ಲಾಸಿನಿಂದ ಬಂದಿರುತ್ತಾರೆ. ಅಲ್ಲಿ ಹೊಟ್ಟೆ ಉಬ್ಬಿಸಿ ಉಸಿರಾಡೋದು ರೂಢಿಯಾಗಿರುತ್ತದೆ. ಪಿಲಾಟೀಸ್‌ನಲ್ಲಿ ಹೊಟ್ಟೆ ಹಿಡಿದಿರಬೇಕಾದ್ದರಿಂದ ಪಕ್ಕೆಲುಬು ಅಗಲಿಸಿ ಉಸಿರು ತಗೊಳ್ಳಿ ಅಂತೀವಿ. ಎರಡರಲ್ಲೂ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು, ಕೆಳಗಿಳಿಯುತ್ತದೆ, ಜಾಗ ಮಾಡಿಕೊಳ್ಳೋ ದಿಕ್ಕು ಮಾತ್ರ ಬೇರೆ. ಒಂದು ಸರಿ ಇನ್ನೊಂದು ತಪ್ಪು ಅಂತ ವಾದಕ್ಕೆ ಇಳಿಯಬೇಡಿ.

ಕ್ಲಾಸಿನಲ್ಲಿ ಸ್ನಾಯುವಿನ ಹೆಸರು ಹೇಳೋದು ನಾನು ಬಿಟ್ಟೇಬಿಟ್ಟಿದ್ದೇನೆ. ‘ಸ್ಪೈನ್ ಎಲಾಂಗೇಟ್ ಮಾಡಿ’ ಅಂದರೆ ಗದ್ದ ಎತ್ತುತ್ತಾರೆ. ‘ತಲೆ ಮೇಲೆ ಸಿಂಬೆ ಇಟ್ಟು ಕೊಡ ಹೊತ್ತಿದ್ದೀರಿ, ನೀರು ತುಳುಕಬಾರದು’ ಅಂದು ನೋಡಿ, ಕೊಡ ಹೊರದ ಹುಡುಗಿಯರೂ ನೆಟ್ಟಗಾಗುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಧೈರ್ಯ ತೋರಿಸಬೇಡಿ. ಮೂಳೆ ಟೊಳ್ಳಾಗೋ ಕಾಯಿಲೆ, ಅಂದರೆ ಆಸ್ಟಿಯೊಪೊರೋಸಿಸ್ ಇದೆ ಅಂದವರಿಗೆ ಬೆನ್ನು ಸುರುಳಿ ಮಾಡಿ ಏಳೋ ರೋಲ್-ಅಪ್‌ನಂಥದ್ದು ಬೇಡ, ಬೆನ್ನುಮೂಳೆ ಕುಸಿಯೋ ಅಪಾಯವಿದೆ. ಕಾಲಿಗೆ ಜೋಮು ಇಳಿಯುತ್ತೆ, ಬಲ ಕಮ್ಮಿಯಾಗಿದೆ ಅಂದರೆ ಮೊದಲು ಡಾಕ್ಟರ್ ಹತ್ತಿರ ಕಳಿಸಿ. ಮೂತ್ರದ ಹಿಡಿತ ತಪ್ಪಿದೆ ಅಂದರೆ ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು. ಫೀಸ್ ಹೋದರೆ ಹೋಗಲಿ.

ಮಾಡೆಲ್ ವಿಷಯ: ಪೂರ್ತಿ ಅಸ್ಥಿಪಂಜರಕ್ಕೆ ದುಡ್ಡು ಸುರಿಯಬೇಡಿ. ಬೆನ್ನುಮೂಳೆ, ಕಟಿ, ತೊಡೆಮೂಳೆಯ ತುದಿ ಇರೋದು ಸಿಕ್ಕರೆ ಸಾಕು. ನಾನು ಅದಕ್ಕೆ ಎರಡೂ ಕಡೆ ಕೆಂಪು ಉಲ್ಲನ್ ದಾರ ಕಟ್ಟಿದ್ದೇನೆ, ಸೋಆಸ್ ಇರೋ ಜಾಗದಲ್ಲಿ. ಟೀಚರಮ್ಮ ಈಗಲೂ ಬರುತ್ತಾರೆ. ಹೊಸಬರು ಯಾರಾದರೂ ಸೊಂಟ ಹಿಡ್ಕೊಳ್ತು ಅಂದರೆ ನನಗಿಂತ ಮೊದಲು ಅವರೇ ಎದ್ದು ಹೋಗಿ ಆ ದಾರ ಎಳೆದು ತೋರಿಸುತ್ತಾರೆ.