ನೀವು ಕೇಳಿದಿರಿ: ಮನೆಮಂದಿಯೆಲ್ಲ ಅಂಡಮಾನಿಗೆ ಹೊರಟಾಗ

ಪ್ರಶ್ನೆ: ನಾವು ಆರು ಜನ. ಅತ್ತೆ-ಮಾವ 70 ದಾಟಿದವರು, ಮಕ್ಕಳಿಗೆ ಎಂಟು ಮತ್ತು ನಾಲ್ಕು ವರ್ಷ. ಜನವರಿ ಕೊನೆಯಲ್ಲಿ ಆರು ದಿನ ಅಂಡಮಾನಿನಲ್ಲಿರುತ್ತೇವೆ. ಮೊದಲು ಪೋರ್ಟ್ ಬ್ಲೇರ್ ನೋಡಿಕೊಂಡು, ಕೊನೆಯ ಎರಡು ರಾತ್ರಿ ಹ್ಯಾವ್‌ಲಾಕ್ ದ್ವೀಪದಲ್ಲಿ ಕಳೆದು, ಬೆಳಗಿನ ಫೆರ್ರಿಯಲ್ಲಿ ವಾಪಸ್ ಬಂದು ಅದೇ ಮಧ್ಯಾಹ್ನ ವಿಮಾನ ಹತ್ತಬಹುದೇ? (ದಾವಣಗೆರೆಯ ಓದುಗರು)

ಆ ಕೊನೆಯ ಬೆಳಗನ್ನು ಮಾತ್ರ ದಯವಿಟ್ಟು ಬದಲಿಸಿ. ಜನವರಿಯಿಂದ ಏಪ್ರಿಲ್‌ವರೆಗೆ ಅಲ್ಲಿನ ಸಮುದ್ರ ಸಾಮಾನ್ಯವಾಗಿ ಶಾಂತ. ಆದರೂ ಗಾಳಿ ಎದ್ದರೆ ಫೆರ್ರಿ ನಿಲ್ಲಿಸುತ್ತಾರೆ, ಇಲ್ಲವೇ ಸಮಯ ಬದಲಿಸುತ್ತಾರೆ. ವಿಮಾನ ನಿಮಗಾಗಿ ಕಾಯುವುದಿಲ್ಲ. ಬಂದಿಳಿದ ದಿನ ಪೋರ್ಟ್ ಬ್ಲೇರ್‌ನಲ್ಲಿ ಉಳಿದು ಮರುದಿನ ಬೆಳಿಗ್ಗೆ ಹ್ಯಾವ್‌ಲಾಕ್‌ಗೆ ಹೋಗಿ. ಅಲ್ಲಿ ಎರಡು ರಾತ್ರಿ, ನೀಲ್ ದ್ವೀಪದಲ್ಲಿ ಒಂದು ರಾತ್ರಿ ಕಳೆದು, ಕೊನೆಯ ರಾತ್ರಿಗೆ ಪೋರ್ಟ್ ಬ್ಲೇರ್‌ಗೆ ಮರಳಿ. ಸೆಲ್ಯುಲಾರ್ ಜೈಲನ್ನು ಆ ಕೊನೆಯ ದಿನಕ್ಕೇ ಇಟ್ಟುಕೊಳ್ಳಿ. ಫೆರ್ರಿ ತಡವಾದರೆ ಒಂದು ನೋಟ ತಪ್ಪಬಹುದು, ವಿಮಾನ ತಪ್ಪುವುದಿಲ್ಲ.

ಹೆಸರುಗಳ ಗೊಂದಲವೂ ಇದೆ. 2018ರಲ್ಲಿ ಹ್ಯಾವ್‌ಲಾಕ್ ‘ಸ್ವರಾಜ್ ದ್ವೀಪ’ವಾಯಿತು, ನೀಲ್ ‘ಶಹೀದ್ ದ್ವೀಪ’ವಾಯಿತು. 2024ರಲ್ಲಿ ಪೋರ್ಟ್ ಬ್ಲೇರ್ ‘ಶ್ರೀ ವಿಜಯಪುರಂ’ ಆಯಿತು. ಟಿಕೆಟ್‌ನಲ್ಲಿ ಹೊಸ ಹೆಸರು, ಆಟೋದವರ ಬಾಯಲ್ಲಿ ಹಳೆಯ ಹೆಸರು ಇರಬಹುದು, ಎರಡೂ ಗೊತ್ತಿರಲಿ. ಟಿಕೆಟ್‌ನಲ್ಲಿ ಜೆಟ್ಟಿಯ ಹೆಸರನ್ನೂ ನೋಡಿಕೊಳ್ಳಿ. ಫೀನಿಕ್ಸ್ ಬೇ ಬೇರೆ, ಹ್ಯಾಡೋ ಬೇರೆ. ಒಂದರಿಂದ ಇನ್ನೊಂದಕ್ಕೆ ಓಡುವಷ್ಟರಲ್ಲಿ ಹಡಗು ಬಿಟ್ಟಿರುತ್ತದೆ. ಎಲ್ಲರ ಮೂಲ ಗುರುತಿನ ಚೀಟಿ ಕೈಯಲ್ಲಿಟ್ಟುಕೊಂಡು ಒಂದು ಗಂಟೆ ಮೊದಲೇ ಹೋಗಿ.

ಹಿರಿಯರು ದೋಣಿ ಹತ್ತುವಾಗ ಕೈಚೀಲವನ್ನು ಮೊದಲು ಸಿಬ್ಬಂದಿಗೆ ಕೊಟ್ಟುಬಿಡಲಿ. ದೋಣಿ ಅಲೆಗೆ ಏರುತ್ತದೆ, ಇಳಿಯುತ್ತದೆ. ಅದರ ಅಂಚು ಜೆಟ್ಟಿಯ ಮಟ್ಟಕ್ಕೆ ಬಂದ ಕ್ಷಣದಲ್ಲಿ ಒಂದೇ ಹೆಜ್ಜೆ ಇಡಬೇಕು, ಹಾರಬಾರದು. ಸಿಬ್ಬಂದಿಯ ಅಂಗೈ ಹಿಡಿದರೆ ಬೆವರಿಗೆ ಜಾರುತ್ತದೆ. ಅವರು ಇವರ ಮಣಿಕಟ್ಟು, ಇವರು ಅವರ ಮಣಿಕಟ್ಟು ಹಿಡಿಯಲಿ. ದೋಣಿಗೂ ಜೆಟ್ಟಿಗೂ ನಡುವಿನ ಸಂದಿಗೆ ಕೈಕಾಲು ಚಾಚಲೇಬಾರದು. ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚಿನಂಥ ಕಡೆ ಇಳಿಯುವಾಗ ಮೊಣಕಾಲವರೆಗೆ ನೀರಿರಬಹುದು. ಸೀರೆ, ಪಂಚೆ ಆ ದಿನ ಬೇಡ. ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಇರಲಿ.

ಪ್ರಶ್ನೆ: ಘಟ್ಟದ ರಸ್ತೆಯಲ್ಲೇ ಮಗಳಿಗೆ ವಾಂತಿಯಾಗುತ್ತದೆ. ಫೆರ್ರಿಯಲ್ಲಿ ಏನು ಗತಿ? (ತೀರ್ಥಹಳ್ಳಿ)

ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಇನ್ನೊಂದು ಹೇಳುತ್ತದೆ. ಹೊಟ್ಟೆ ತೊಳಸುವುದಕ್ಕೆ ಮೂಲ ಅದು. ಖಾಸಗಿ ಫೆರ್ರಿಗಳು ಹ್ಯಾವ್‌ಲಾಕ್‌ಗೆ ಸುಮಾರು ಒಂದೂವರೆ ಗಂಟೆಯಲ್ಲಿ ಮುಟ್ಟುತ್ತವೆ. ಆದರೆ ಕೂರುವುದು ಮುಚ್ಚಿದ ಎ.ಸಿ. ಹಾಲ್‌ನಲ್ಲಿ, ದಿಗಂತ ಕಾಣುವುದು ಕಿಟಕಿಯಿಂದ ಮಾತ್ರ. ಹಾಗಾಗಿ ಎಲ್ಲಿ ಕೂರುತ್ತೀರಿ ಎಂಬುದು ಮುಖ್ಯ. ಹಡಗಿನ ಮೂತಿ ಅಲೆಗೆ ಎತ್ತಿ ಎತ್ತಿ ಬೀಳುತ್ತದೆ, ಮೇಲಿನ ಮಹಡಿ ಹೆಚ್ಚು ತೂಗುತ್ತದೆ. ದುಬಾರಿ ದರ್ಜೆ ಮೇಲಿದ್ದರೂ ಅದಕ್ಕೆ ಆಸೆಪಡಬೇಡಿ. ಕೆಳ ಮಹಡಿಯಲ್ಲಿ, ಮಧ್ಯದಿಂದ ತುಸು ಹಿಂದೆ, ಕಿಟಕಿ ಪಕ್ಕದ ಸೀಟು ಕೇಳಿ.

ವಾಂತಿ ತಡೆಯುವ ಮಾತ್ರೆ ಕೆಲಸ ಮಾಡಬೇಕಾದರೆ ಹಡಗು ಬಿಡುವುದಕ್ಕೆ ಒಂದರಿಂದ ಎರಡು ಗಂಟೆ ಮೊದಲೇ ನುಂಗಿರಬೇಕು. ತೊಳಸಲು ಶುರುವಾದ ಮೇಲೆ ನುಂಗಿದ್ದು ವಾಂತಿಯ ಜೊತೆಗೇ ಹೊರಗೆ ಬರುತ್ತದೆ. ಅವೊಮಿನ್‌ನಂಥ ಮಾತ್ರೆಯಲ್ಲಿರುವ ಪ್ರೊಮೆಥಜೀನ್ ಎರಡು ವರ್ಷದೊಳಗಿನ ಕೂಸಿಗೆ ಕೊಡಲೇಬಾರದು. ದೊಡ್ಡ ಮಕ್ಕಳಿಗೆ ಎಷ್ಟು ಎಂಬುದನ್ನು ಊರು ಬಿಡುವ ಮೊದಲೇ ನಿಮ್ಮ ಮಕ್ಕಳ ವೈದ್ಯರಿಂದ ಬರೆಸಿಕೊಳ್ಳಿ. ಇದು ನಿದ್ದೆ ತರಿಸುತ್ತದೆ, ಹೆದರಬೇಡಿ. ಬರೀ ಹೊಟ್ಟೆಯೂ ಬೇಡ, ಪೂರಿ-ಸಾಗುವೂ ಬೇಡ. ಎರಡು ಇಡ್ಲಿ ಸಾಕು. ಮೊಬೈಲ್ ಕೈಗೆ ಕೊಡಬೇಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಓ.ಆರ್.ಎಸ್. ನೀರನ್ನು ಚಮಚ ಚಮಚವಾಗಿ ಕುಡಿಸಿ. ಲೋಟ ಎತ್ತಿ ಕುಡಿಸಿದರೆ ಮತ್ತೆ ವಾಂತಿ.

ಪ್ರಶ್ನೆ: ನೀಲ್‌ನ ಕಲ್ಲಿನ ಕಮಾನು ನೋಡಲು ನೀರಿಳಿದಿರಬೇಕು ಎನ್ನುತ್ತಾರೆ. ಯಾವ ದಿನ ಹೋಗಬೇಕೆಂದು ಮೊದಲೇ ತಿಳಿಯುವುದು ಹೇಗೆ? (ಬೆಂಗಳೂರು)

ಪಂಚಾಂಗ ಸಾಕು. ಅಂಡಮಾನಿನಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಬೆಳಿಗ್ಗೆ ಸುಮಾರು 10ಕ್ಕೆ ಉಬ್ಬರ, ಬೆಳಗಿನ ಜಾವ ಮತ್ತು ಸಂಜೆ ಸುಮಾರು 4ಕ್ಕೆ ಇಳಿತ. ಅಲ್ಲಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತಾ ಹೋಗುತ್ತದೆ. ಐದು ದಿನ ಕಳೆದರೆ ಬೆಳಗಿನ ಇಳಿತ 8 ಗಂಟೆಯ ಆಸುಪಾಸಿಗೆ ಬಂದಿರುತ್ತದೆ. ಅಷ್ಟಮಿಯ ಹೊತ್ತಿಗೆ ಉಬ್ಬರ-ಇಳಿತದ ಅಂತರವೇ ಕಡಿಮೆ, ನೀರು ಪೂರ್ತಿ ಹಿಂದೆ ಸರಿಯುವುದಿಲ್ಲ. ದಿನ ಆರಿಸಲು ಈ ಲೆಕ್ಕ ಇರಲಿ. ನಿಖರ ಗಳಿಗೆಗೆ ಸರ್ವೆ ಆಫ್ ಇಂಡಿಯಾದ ಉಬ್ಬರವಿಳಿತದ ಕೋಷ್ಟಕ ನೋಡಿ.

ಅಮಾವಾಸ್ಯೆ ಅಥವಾ ಹುಣ್ಣಿಮೆಯ ದಿನವಾದರೆ ಬೆಳಿಗ್ಗೆ 9ರಿಂದ 11ರವರೆಗೆ ಸ್ನಾರ್ಕೆಲಿಂಗ್ (ಮಾಸ್ಕ್, ಉಸಿರುಕೊಳವೆ ಹಾಕಿಕೊಂಡು ನೀರಿನ ಮೇಲೆ ತೇಲುತ್ತಾ ಹವಳ ನೋಡುವುದು), ಮಧ್ಯಾಹ್ನ 3ಕ್ಕೆ ಕಮಾನು. ಸ್ನಾರ್ಕೆಲಿಂಗ್‌ಗೆ ಹವಳದ ಮೇಲೆ ನೀರು ತುಂಬಿರಬೇಕು. ಇಳಿತದಲ್ಲಿ ಹೋದರೆ ಹೊಟ್ಟೆ ತರಚುತ್ತದೆ, ಹವಳವೂ ಮುರಿಯುತ್ತದೆ. ಕಮಾನಿನ ದಾರಿ ಪಾಚಿಗಟ್ಟಿದ ಒಡೆದ ಹವಳದ ಮೇಲೆ, ಬೆಳಕಿರುವಾಗಲೇ ಮರಳಬೇಕು. ಅಲ್ಲಿ ಬೇಗ ಕತ್ತಲಾಗುತ್ತದೆ. ನಮ್ಮ ಗಡಿಯಾರದ ರೇಖಾಂಶ 82.5 ಡಿಗ್ರಿ, ಅಂಡಮಾನ್ 92.7ರಲ್ಲಿದೆ. ಡಿಗ್ರಿಗೆ ನಾಲ್ಕು ನಿಮಿಷ ಹಿಡಿದರೆ ಸೂರ್ಯ 40 ನಿಮಿಷ ಮುಂದಿದ್ದಾನೆ. ಡಿಸೆಂಬರಿನಲ್ಲಿ 5 ಗಂಟೆಗೇ ಮುಳುಗುತ್ತಾನೆ.

ಪ್ರಶ್ನೆ: ಮಕ್ಕಳ ಲೈಫ್ ಜಾಕೆಟ್, ಮಾಸ್ಕ್ ಅಲ್ಲೇ ಸಿಗುತ್ತವೆಯೇ, ಇಲ್ಲಿಂದ ಒಯ್ಯಬೇಕೇ? (ಮೈಸೂರು)

ಮಾಸ್ಕ್ ಸಿಗುತ್ತದೆ. ಐದಾರು ವರ್ಷದ ಮಗುವಿಗೆ ಸರಿಯಾಗುವ ಜಾಕೆಟ್ ಪ್ರತಿ ದೋಣಿಯಲ್ಲೂ ಇರುತ್ತದೆಂದು ನಂಬಿಕೊಂಡು ಹೋಗಬೇಡಿ. ತೊಡೆಸಂದಿಯಲ್ಲಿ ಹಾದುಬರುವ ಪಟ್ಟಿಯುಳ್ಳ ಜಾಕೆಟ್ಟನ್ನು ಮಗುವಿನ ತೂಕ ಹೇಳಿ ಕೊಂಡೊಯ್ಯಿರಿ. ತೊಡಿಸಿ, ಬಕಲ್ ಬಿಗಿದು, ಹೆಗಲ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ. ಗಲ್ಲ, ಕಿವಿ ಜಾಕೆಟ್ಟಿನೊಳಗೆ ಹುದುಗಿದರೆ ಅದು ದೊಡ್ಡದು. ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ.

ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಲು ಹೇಳಿ. ಕೈ ಬಿಟ್ಟರೂ ಅಂಟಿಕೊಂಡಿದ್ದರೆ ಅಳತೆ ಸರಿ. ಅಂಚಿಗೆ ಒಂದೆಳೆ ಕೂದಲು ಸಿಕ್ಕರೂ ನೀರು ನುಗ್ಗುತ್ತದೆ. ಮೀಸೆಯಿಂದಲೂ ಅಷ್ಟೇ, ಅಪ್ಪಂದಿರು ಮೂಗಿನ ಕೆಳಗೆ ತುಸು ವ್ಯಾಸಲೀನ್ ಹಚ್ಚಿಕೊಳ್ಳಲಿ. ಗಾಜು ಮಂಜಾಗದಿರಲು ಒಳಬದಿಗೆ ಒಂದು ಹನಿ ಬೇಬಿ ಶಾಂಪೂ ಸವರಿ, ಒಮ್ಮೆ ತೊಳೆಯಿರಿ. ಜೀವರಕ್ಷಕರಿಲ್ಲದ ಕಡೆ, ಮುಖ್ಯವಾಗಿ ಮ್ಯಾಂಗ್ರೋವ್ ಗಿಡಗಳಿರುವ ಹಿನ್ನೀರಿನ ಬಾಯಲ್ಲಿ ಇಳಿಯಬೇಡಿ. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ.

ಪ್ರಶ್ನೆ: ಹೊರಡುವ ಹಿಂದಿನ ದಿನ ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗುವುದು) ಮಾಡಬಹುದೇ? ಮಕ್ಕಳು ಆರಿಸಿದ ಚಿಪ್ಪು ಊರಿಗೆ ತರಬಹುದೇ? (ಹುಬ್ಬಳ್ಳಿ)

ಒಂದೇ ಸಲ ಮುಳುಗಿದರೆ ವಿಮಾನಕ್ಕೆ ಮೊದಲು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದರೆ 18 ಗಂಟೆ ಬಿಡುವು ಬೇಕು. ಆಳದಲ್ಲಿ ರಕ್ತದಲ್ಲಿ ಕರಗಿದ ನೈಟ್ರೋಜನ್, ವಿಮಾನದ ಕಡಿಮೆ ಒತ್ತಡದಲ್ಲಿ ಗುಳ್ಳೆಯಾಗುವ ಅಪಾಯವಿದೆ. ಸ್ಕೂಬಾವನ್ನು ಹ್ಯಾವ್‌ಲಾಕ್‌ನ ಮೊದಲ ಬೆಳಿಗ್ಗೆಯೇ ಮುಗಿಸಿ. ಹತ್ತು ವರ್ಷದೊಳಗಿನ ಮಕ್ಕಳಿಗೆ ಸ್ನಾರ್ಕೆಲಿಂಗ್ ಸಾಕು.

ಚಿಪ್ಪು, ಹವಳ ತರಬೇಡಿ, ಒಣಗಿದ ಚೂರೂ ಬೇಡ. ಹವಳ ಮತ್ತು ಹಲವು ಬಗೆಯ ಚಿಪ್ಪುಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸುತ್ತಾರೆ. ಖಾಲಿ ಚಿಪ್ಪು ಸನ್ಯಾಸಿ ಏಡಿಯ ಮನೆ. ಮಕ್ಕಳಿಗೆ ಅದನ್ನು ಮರಳಿನ ಮೇಲಿಟ್ಟು ಎರಡು ನಿಮಿಷ ಸುಮ್ಮನೆ ಕೂರಲು ಹೇಳಿ. ಎಷ್ಟೋ ಸಲ ಖಾಲಿ ಎಂದುಕೊಂಡಿದ್ದ ಚಿಪ್ಪಿನಿಂದ ಕಾಲು ಹೊರಗೆ ಬರುತ್ತದೆ.