ಹೊಡೆದುಹಾಕಿದ ಆ ಸಾಲು

ಓದುಗರ ಪತ್ರ: “ಬೇರೆ ಊರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ಮೂರು ವಾರಗಳಿಂದ ದೇವರ ಚಿತ್ತಕ್ಕಾಗಿ ಪ್ರಾರ್ಥಿಸುತ್ತಿದ್ದೇನೆ. ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟೆ. ಒಂದು ದಿನ, ಸ್ವದೇಶ ಬಿಟ್ಟು ಹೊರಡು ಎಂದು ದೇವರು ಅಬ್ರಾಮನಿಗೆ ಹೇಳಿದ ವಾಕ್ಯ ಬಂತು. ಮರುದಿನ, ನಿನ್ನನ್ನು ಬಿಟ್ಟು ಹೋಗೆನ್ನಬೇಡ ಎಂದು ರೂತಳು ಹೇಳಿದ್ದು ಬಂತು. ಈಗ ಸಣ್ಣಪುಟ್ಟ ವಿಷಯಕ್ಕೂ ಗುರುತು ಸಿಗದೆ ಹೆಜ್ಜೆಯಿಡಲು ಭಯ. ದೇವರು ನನಗೆ ಮಾತ್ರ ಏಕೆ ಸ್ಪಷ್ಟವಾಗಿ ಹೇಳುತ್ತಿಲ್ಲ?”

ಪ್ರಿಯ ಸಹೋದರಿ,

ನಿಮ್ಮ ಪತ್ರದ ಎರಡನೆಯ ಪುಟದಲ್ಲಿ ಒಂದು ಸಾಲನ್ನು ಹೊಡೆದುಹಾಕಿದ್ದೀರಿ. ಅದರ ಮೇಲೆ ಎರಡು ಗೆರೆ ಎಳೆದಿದ್ದರೂ ಅಕ್ಷರಗಳು ಕಾಣುತ್ತವೆ: “ನಿಜ ಹೇಳಬೇಕೆಂದರೆ ನನಗೆ ಹೋಗುವ ಆಸೆ ಇದೆ.” ಅದನ್ನು ಇಲ್ಲಿ ಎತ್ತಿ ಹೇಳಲು ನೀವು ಒಪ್ಪಿದಿರಿ, ನಾನು ಕೃತಜ್ಞ. ನನ್ನ ಉತ್ತರ ಆ ಸಾಲಿನಿಂದಲೇ ಶುರುವಾಗಬೇಕು.

ಅದನ್ನೇಕೆ ಹೊಡೆದಿರಿ? ನನಗೆ ಬೇಕಾದದ್ದು ಎಂದ ಮೇಲೆ ಅದು ದೇವರ ಚಿತ್ತವಾಗಿರಲಾರದು ಎಂಬ ಅಂಜಿಕೆ ನಮ್ಮಲ್ಲಿ ಅನೇಕರಿಗಿದೆ. ಯೇಸು ಶಿಲುಬೆಗೇರುವ ಹಿಂದಿನ ರಾತ್ರಿ ಪ್ರಾರ್ಥಿಸಿದ ಗೆತ್ಸೇಮನೆ ತೋಟವನ್ನು ನೆನೆಯಿರಿ. ಕರ್ತನು ‘ನಿನ್ನ ಚಿತ್ತದಂತೆ ಆಗಲಿ’ ಎಂದು ಮೊದಲಿಗೇ ಹೇಳಲಿಲ್ಲ. ಸಾಧ್ಯವಿದ್ದರೆ ಈ ಪಾತ್ರೆ, ಅಂದರೆ ಮುಂದಿರುವ ಸಂಕಟ, ನನ್ನನ್ನು ಬಿಟ್ಟುಹೋಗಲಿ ಎಂದು ತನಗೇನು ಬೇಕೋ ಅದನ್ನು ತಂದೆಯ ಮುಂದೆ ಬಾಯಿಬಿಟ್ಟು ಹೇಳಿದನು. ಆಮೇಲೆ ಅದನ್ನು ತಂದೆಯ ಕೈಗೆ ಒಪ್ಪಿಸಿದನು. ಮೂರು ಸಲ ಪ್ರಾರ್ಥಿಸಿದನು ಎನ್ನುತ್ತದೆ ಮತ್ತಾಯನ ಸುವಾರ್ತೆ. ಹೇಳದೆ ಬಚ್ಚಿಟ್ಟ ಆಸೆಯನ್ನು ಒಪ್ಪಿಸುವುದಾದರೂ ಹೇಗೆ? ಮೂರು ವಾರಗಳ ನಿಮ್ಮ ಪ್ರಾರ್ಥನೆಯಲ್ಲಿ ಆ ಸಾಲು ಒಮ್ಮೆಯಾದರೂ ಇತ್ತೇ ಎಂದು ಕೇಳಬೇಕೆನಿಸುತ್ತದೆ.

ಇನ್ನು ಬೆರಳಿಟ್ಟು ವಾಕ್ಯ ತೆಗೆಯುವ ವಿಷಯ. ದಯವಿಟ್ಟು ಅದನ್ನು ಬಿಟ್ಟುಬಿಡಿ. ಸತ್ಯವೇದದ ಮೇಲಿನ ಪ್ರೀತಿಯಿಂದಲೇ ಇದನ್ನು ಹೇಳುತ್ತಿದ್ದೇನೆ. ರೂತಳ ಮಾತನ್ನು ನೀವು ‘ಹೋಗಬೇಡ’ ಎಂದು ಓದಿಕೊಂಡಿರಿ. ಆದರೆ ಆ ಅಧ್ಯಾಯವನ್ನು ಮೊದಲಿನಿಂದ ಓದಿ. ಆ ಮಾತು ಬಂದದ್ದು ಮನೆಯೊಳಗಿನಿಂದಲ್ಲ, ಮೋವಾಬ್ ದೇಶವನ್ನು ಬಿಟ್ಟು ಹೊರಟ ದಾರಿಯಲ್ಲಿ. ಹೇಳಿದವಳು ಹೆತ್ತವರನ್ನೂ ಹುಟ್ಟಿದ ನಾಡನ್ನೂ ಬಿಟ್ಟು ಹೊರಟವಳು. ಬಿಡಲೊಲ್ಲೆನೆಂದದ್ದು ಅತ್ತೆ ನೊವೊಮಿಯನ್ನು. ಅಲ್ಲಿ ಪ್ರಯಾಣವೂ ಇದೆ, ಕೈಬಿಡದ ನಿಷ್ಠೆಯೂ ಇದೆ. ನಿಮ್ಮ ಬೆರಳು ಒಂದೇ ವಾಕ್ಯದ ಮೇಲೆ ನಿಂತದ್ದರಿಂದ ಹೋಗಬೇಕೇ, ಉಳಿಯಬೇಕೇ ಎಂಬ ಎರಡೇ ದಾರಿ ನಿಮಗೆ ಕಂಡವು.

ಇಸ್ರಾಯೇಲನ್ನು ಶತ್ರುಗಳಿಂದ ಬಿಡಿಸಲು ದೇವರು ಕರೆದ ಗಿದ್ಯೋನನು ಕಣದಲ್ಲಿ ಉಣ್ಣೆ ಹಾಸಿ ಗುರುತು ಕೇಳಲಿಲ್ಲವೇ ಎಂದೂ ಬರೆದಿದ್ದೀರಿ. ಕೇಳಿದನು, ನಿಜ. ಆದರೆ ನೀನು ಹೇಳಿರುವ ಪ್ರಕಾರ ನನ್ನ ಮೂಲಕ ಇಸ್ರಾಯೇಲನ್ನು ರಕ್ಷಿಸುವುದಾದರೆ ಎಂದೇ ಅವನು ಮಾತು ತೆಗೆದನು. ದೇವರ ಮಾತು ಅವನಿಗೆ ಅದಾಗಲೇ ಸಿಕ್ಕಿತ್ತು, ಕೊರತೆಯಿದ್ದದ್ದು ಧೈರ್ಯಕ್ಕೆ. ಅಂಥ ಅಂಜುಬುರುಕನನ್ನೂ ದೇವರು ತಾಳಿಕೊಂಡನು ಎಂಬುದೇ ನನಗೆ ಅಲ್ಲಿ ಸಿಗುವ ಸಮಾಧಾನ.

ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯ ನಿಮಗೆ ಬಾಯಿಪಾಠವಿರಬಹುದು. ಜ್ಞಾನ ಕಡಿಮೆಯಿರುವವನು ದೇವರನ್ನು ಕೇಳಲಿ, ಆತನು ಹಂಗಿಸದೆ ಕೊಡುತ್ತಾನೆ ಎನ್ನುತ್ತದೆ 5ನೆಯ ವಚನ. ಆ ‘ಹಂಗಿಸದೆ’ ಎಂಬ ಪದದ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಮನುಷ್ಯರ ಮುಂದೆ ಕೈಯೊಡ್ಡಿದವರಿಗೆ ಹಂಗಿನ ಭಾರ ಗೊತ್ತು. ಕೊಡುತ್ತಾರೆ, ಕೊಟ್ಟದ್ದನ್ನು ಆಡಿ ತೋರಿಸುತ್ತಾರೆ. ‘ಇಷ್ಟೂ ತಿಳಿಯಲಿಲ್ಲವೇ ನಿನಗೆ’ ಎಂದು ದೇವರು ಕೇಳುವುದಿಲ್ಲ. ನಿಮ್ಮ ಪತ್ರದ ತುಂಬ ನನಗೆ ಕಂಡದ್ದು, ತಪ್ಪು ಹೆಜ್ಜೆಯಿಟ್ಟರೆ ಆತನು ಮುಖ ತಿರುಗಿಸಿಬಿಡುತ್ತಾನೆ ಎಂಬ ಭಯ. ನಾವು ಕೇಳುತ್ತಿರುವುದು ಅಂಥವನನ್ನಲ್ಲ.

ಕೊಡುತ್ತೇನೆಂದು ಆತನು ಹೇಳಿರುವುದೂ ಜ್ಞಾನವನ್ನು. ಇಸ್ರಾಯೇಲಿನ ಅರಸ ಸೊಲೊಮೋನನು ದೇವರನ್ನು ಕೇಳಿಕೊಂಡದ್ದು, ಮೂಲ ಹೀಬ್ರೂವಿನಲ್ಲಿ ಇರುವಂತೆ, ‘ಆಲಿಸುವ ಹೃದಯ’. ಅದಾದ ಮೇಲೆ ನಮಗೆ ಕಾಣುವ ಮೊದಲ ಪ್ರಸಂಗ ಯುದ್ಧದ್ದಲ್ಲ, ದೇವಾಲಯದ್ದೂ ಅಲ್ಲ; ಒಂದೇ ಮನೆಯಲ್ಲಿದ್ದ ಇಬ್ಬರು ಹೆಂಗಸರು ಒಂದು ಕೂಸಿಗಾಗಿ ಆಡಿದ ಜಗಳ. ಆಕಾಶವಾಣಿ ಆಗಲಿಲ್ಲ. ಅರಸನು ಇಬ್ಬರ ಮಾತನ್ನೂ ಕೇಳಿದನು, ಕತ್ತಿ ತರಿಸಿದನು, ಹೆತ್ತ ಕರುಳು ಯಾವುದೆಂದು ಕಂಡುಕೊಂಡನು. ದೇವರು ಕೊಟ್ಟ ಜ್ಞಾನವು ಅಲ್ಲಿ ಒಬ್ಬ ಮನುಷ್ಯ ಗಮನವಿಟ್ಟು ಆಲಿಸುವುದರಲ್ಲಿ ಕೆಲಸಮಾಡಿತು.

ಸಣ್ಣಪುಟ್ಟ ವಿಷಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಾವ ಬಟ್ಟೆ ಉಡಲಿ, ಯಾವ ಬಸ್ ಹಿಡಿಯಲಿ ಎಂಬುದಕ್ಕೆಲ್ಲ ಗುರುತು ಬೇಕಿಲ್ಲ. ಮಕ್ಕಳಿಗೆ ತಂದೆಯ ಮನೆಯಲ್ಲಿ ಓಡಾಡುವ ಸ್ವಾತಂತ್ರ್ಯವಿದೆ. ಇನ್ನು ಕೆಲವು ವಿಷಯಗಳನ್ನು ಕೇಳುವುದೇ ತಪ್ಪು. ನಾನು ಒಮ್ಮೆ ಗೆಳೆಯನೊಬ್ಬನ ಮನಸ್ಸು ನೋಯಿಸಿ, ಅವನ ಬಳಿ ಹೋಗಬೇಕೇ ಎಂದು ವಾರಗಟ್ಟಲೆ ‘ಪ್ರಾರ್ಥನೆಯಲ್ಲಿಟ್ಟಿದ್ದೆ’. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು ಎಂದು ಮತ್ತಾಯ 5ನೆಯ ಅಧ್ಯಾಯದಲ್ಲಿ ಬರೆದೇ ಇದೆ. ನನ್ನದು ಪ್ರಾರ್ಥನೆಯಾಗಿರಲಿಲ್ಲ, ವಿಧೇಯತೆಯನ್ನು ಮುಂದೂಡುವ ಉಪಾಯವಾಗಿತ್ತು. ಕೊನೆಗೆ ಹೋದಾಗ ಅವನು ಬಾಗಿಲು ತೆರೆದು, “ಇಷ್ಟು ದಿನ ಬೇಕಾಯಿತೇ?” ಎಂದ.

ಹಾಗಾದರೆ ಹೋಗಬೇಕೇ, ಬೇಡವೇ? ಅದನ್ನು ನಾನು ಹೇಳಲಾರೆ. ದೇವರ ಸ್ಥಾನದಲ್ಲಿ ಸಂಪಾದಕನನ್ನು ಕೂರಿಸಬೇಡಿ. ಎರಡರಲ್ಲಿ ಯಾವುದೂ ಪಾಪವಲ್ಲ, ಎರಡರಲ್ಲೂ ಆತನನ್ನು ಸೇವಿಸಬಹುದು ಎಂಬುದನ್ನು ಮಾತ್ರ ಧೈರ್ಯವಾಗಿ ಹೇಳುತ್ತೇನೆ. ಇಂದು ರಾತ್ರಿ ಆ ಹೊಡೆದ ಸಾಲನ್ನು ಗೆರೆಯಿಲ್ಲದೆ ದೇವರಿಗೆ ಹೇಳಿ. ನಿಮ್ಮನ್ನು ಬಲ್ಲ, ನಿಮಗೆ ಎದುರುಮಾತಾಡಬಲ್ಲ ಸಭೆಯ ಹಿರಿಯರೊಬ್ಬರ ಜೊತೆ ಕುಳಿತು ಮಾತನಾಡಿ.

ಇನ್ನೂ ಒಂದು ವಿಷಯ. ಮೂರು ಪುಟಗಳ ಪತ್ರದಲ್ಲಿ ಅಮ್ಮನ ಆರೋಗ್ಯವಿದೆ, ಅಮ್ಮನ ಒಂಟಿತನವಿದೆ, ಅಮ್ಮನ ಬಗ್ಗೆ ನಿಮ್ಮ ಕಳವಳವಿದೆ. ಅಮ್ಮ ಹೇಳಿದ ಒಂದು ಮಾತೂ ಇಲ್ಲ. ಅವರನ್ನು ಕೇಳಿದ್ದೀರಾ? ನಿಮ್ಮೊಡನೆ ಹೊರಡಲು ಅವರಿಗೆ ಮನಸ್ಸಿರಬಹುದು, ಇಲ್ಲದಿರಬಹುದು. ಕೇಳಿ, ಅವರು ಏನೆಂದರೆಂದು ನನಗೂ ಬರೆಯಿರಿ.

— ಸಂಪಾದಕ